ಬಿನ್ ಎಂಬ ಊರು

ಆ ವಾರ ಯೊನ್‌ಜು ಒಲೆಯ ಕಟ್ಟೆಯನ್ನು ಎಷ್ಟು ಸಲ ಒರೆಸಿದಳೋ ಅವಳಿಗೇ ನೆನಪಿಲ್ಲ. ಒರೆಸುವಳು, ಬಟ್ಟೆ ಹಿಂಡಿ ಹರವುವಳು, ಕಿಟಕಿಯ ಬಳಿ ಹೋಗಿ ಬಂದರಿನ ಕಡೆ ನೋಡುತ್ತ ನಿಲ್ಲುವಳು, ನಿಂತಲ್ಲಿ ನಿಲ್ಲಲಾರದೆ ಬಂದು ಮತ್ತೆ ಅದೇ ಬಟ್ಟೆ ಎತ್ತಿಕೊಳ್ಳುವಳು. ನಡುನಡುವೆ ಫೋನು ತೆಗೆದು ಎರಡು ಮನೆಗಳ ಚಿತ್ರ ನೋಡುವಳು. ಒಂದು ಮನೆ ಬುದಾಪೆಸ್ಟಿನಲ್ಲಿ, ಇನ್ನೊಂದು ವಿಯೆನ್ನಾದಲ್ಲಿ. ಎರಡರಲ್ಲೂ ಬಿಳಿಯ ಗೋಡೆ, ಎರಡರಲ್ಲೂ ಎತ್ತರದ ಕಿಟಕಿ. ಬುಸಾನಿನ ತನ್ನ ಅಡುಗೆಮನೆಯಲ್ಲಿ ನಿಂತು ನೋಡುವಾಗ ಯಾವುದು ಯಾವ ಊರಿನದೆಂದು ಕೆಲವು ಸಲ ಮರೆತೇ ಹೋಗುತ್ತಿತ್ತು.

ಗಂಡ ಸಾಂಗ್‌ದೊ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರು. ಹೊರದೇಶಕ್ಕೆ ಹೋಗುವ ಸರದಿಗಾಗಿ ವರ್ಷಗಟ್ಟಲೆ ಕಾದವನು. ಈಗ ಸರದಿ ಬಂದಿತ್ತು, ಬಂದದ್ದೂ ಜೋಡಿಯಾಗಿ. ಎರಡೂ ಊರಿನಲ್ಲಿ ಜಾಗ ಖಾಲಿಯಿದೆ, ಯಾವುದು ಬೇಕೋ ಸೋಮವಾರ ತಿಳಿಸಿ ಎಂದಿದ್ದರು ಮೇಲಿನವರು. ಕಂಪನಿ ನೌಕರನನ್ನು ಕೇಳುವುದೇ ಅಪರೂಪ. ಸಾಂಗ್‌ದೊ ಆ ಪ್ರಶ್ನೆಯನ್ನು ಒಂದು ಉಡುಗೊರೆಯೆಂಬಂತೆ ಹಾಗೇ ತಂದು ಹೆಂಡತಿಯ ಮುಂದಿಟ್ಟಿದ್ದ. ನಿನಗೂ ಮಗಳಿಗೂ ಎಲ್ಲಿ ಹಿತವೋ ಅಲ್ಲಿಗೇ ಹೋಗೋಣ ಎಂದು ಹೇಳಿ, ತನ್ನ ಪಾಲಿನ ಕೆಲಸ ಮುಗಿಯಿತೆಂಬಂತೆ ಹಗುರಾಗಿ ಸಿಳ್ಳೆ ಹಾಕುತ್ತ ಓಡಾಡಿಕೊಂಡಿದ್ದ.

ಕಾಗದದ ಮೇಲೆ ನೋಡಿದರೆ ಬುದಾಪೆಸ್ಟೇ ಸರಿ. ಅಲ್ಲಿ ಕಂಪನಿಯ ದೊಡ್ಡ ಕಾರ್ಖಾನೆಯಿದೆ. ಇರಲು ಕೊಡುವ ಕಟ್ಟಡದ ತುಂಬ ಕೊರಿಯಾದವರೇ. ಕೆಳಗಿನ ಅಂಗಡಿಯಲ್ಲಿ ಮೆಣಸಿನ ಗೊಜ್ಜು, ಕಿಮ್ಚಿ ಉಪ್ಪಿನಕಾಯಿಗೆ ಬೇಕಾದ ಎಲೆಕೋಸು ಸಿಗುತ್ತದೆ. ಏಳು ವರ್ಷದ ಸೆಬೊಮ್‌ಗೆ ಶನಿವಾರ ಶನಿವಾರ ಕೊರಿಯನ್ ಶಾಲೆ. ಆದರೆ ಸಾಂಗ್‌ದೊಗೆ ಪಾಳಿಯ ಕೆಲಸ. ಒಂದು ವಾರ ಹಗಲು, ಒಂದು ವಾರ ರಾತ್ರಿ. ವಿಯೆನ್ನಾದಲ್ಲಿ ಇರುವುದು ಪುಟ್ಟ ಕಚೇರಿ. ಸಂಜೆ ಆರಕ್ಕೆ ಬಾಗಿಲು ಹಾಕಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ಅಲ್ಲಿ ಮೆಟ್ಟಿಲ ಮೇಲೆ ಸಿಕ್ಕವರೊಡನೆ ಹವೆಯ ವಿಷಯ ಆಡಲಿಕ್ಕೂ ಯೊನ್‌ಜುವಿಗೆ ಭಾಷೆಯಿಲ್ಲ.

ಅವಳಿಗೆ ಬೇಕಾಗಿದ್ದದ್ದು ವಿಯೆನ್ನಾ. ಯಾಕೆಂದು ಮಾತ್ರ ಯಾರಿಗೂ ಹೇಳುವಂತಿರಲಿಲ್ಲ.

ಅವಳು ಬಸುರಿಯಾಗಿದ್ದಳು. ಅದು ಗೊತ್ತಿದ್ದದ್ದು ಅವಳಿಗೆ, ವೈದ್ಯರಿಗೆ, ಬಡಾವಣೆಯ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಕೂರುವ ಹೆಂಗಸಿಗೆ. ಆ ಹೆಂಗಸು ನಗುತ್ತ, ಬಸುರಿಯರು ಚೀಲಕ್ಕೆ ಕಟ್ಟಿಕೊಳ್ಳುವ ಒಂದು ಗುಲಾಬಿ ಬಿಲ್ಲೆ, ಬೆಂಕಿಪೊಟ್ಟಣದಷ್ಟಿರುವ ಒಂದು ಗುಲಾಬಿ ಯಂತ್ರ ಕೊಟ್ಟಿದ್ದಳು. ಊರಿನ ಮೆಟ್ರೊದಲ್ಲಿ ಪ್ರತಿ ಡಬ್ಬಿಯಲ್ಲೂ ಬಸುರಿಯರಿಗೆಂದು ಖಾಲಿ ಬಿಟ್ಟ ಗುಲಾಬಿ ಸೀಟು ಇರುತ್ತದೆ. ಚೀಲದಲ್ಲಿ ಆ ಯಂತ್ರ ಚಾಲೂ ಇಟ್ಟುಕೊಂಡು ಹತ್ತಿದರೆ ಸೀಟಿನ ಪಕ್ಕದ ಕಂಬದಲ್ಲಿ ದೀಪ ಮಿನುಗುತ್ತದೆ, ಕೂತವರು ಎದ್ದು ಜಾಗ ಬಿಡುತ್ತಾರೆ. ಬಿಲ್ಲೆಯನ್ನು ಯೊನ್‌ಜು ಸೂಜಿದಾರದ ಡಬ್ಬಿಯ ತಳಕ್ಕೆ ಸೇರಿಸಿದಳು. ಯಂತ್ರವನ್ನು ಮನೆಯಲ್ಲಿ ಬಿಡಲು ಮನಸ್ಸಾಗಲಿಲ್ಲ, ಚಾಲೂ ಮಾಡಲು ಧೈರ್ಯವಾಗಲಿಲ್ಲ. ಚೀಲದ ಒಳಜೇಬಿನಲ್ಲಿ ಆರಿಸಿಟ್ಟುಕೊಂಡೇ ಓಡಾಡಿದಳು. ಆ ದೀಪದ ಕೆಳಗೇ ಎಷ್ಟೋ ಸಲ ನಿಂತುಕೊಂಡು ಮನೆಗೆ ಬಂದಿದ್ದಳು.

ಹಿಂದಿನ ಸಲ ಹಾಗಿರಲಿಲ್ಲ. ಆಗ ಎಲ್ಲರಿಗೂ ಮೊದಲೇ ಹೇಳಿದ್ದರು. ಐದನೆಯ ತಿಂಗಳಲ್ಲಿ, ಸಾಂಗ್‌ದೊ ರಾತ್ರಿಪಾಳಿಯಲ್ಲಿದ್ದಾಗ, ನೋವು ಬಂತು. ಯಂತ್ರಗಳ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸಲಿಲ್ಲ. ಮಲಗಿದ್ದ ಸೆಬೊಮ್‌ಳನ್ನು ಎಬ್ಬಿಸಿ, ಸ್ವೆಟರು ತೊಡಿಸಿ, ಒಬ್ಬಳೇ ಟ್ಯಾಕ್ಸಿ ಹತ್ತಿದ್ದಳು ಯೊನ್‌ಜು. ಕಳಕೊಂಡದ್ದು ಒಂದು ದುಃಖ. ಆಮೇಲೆ ಹೇಳಿದ್ದನ್ನೆಲ್ಲ ಒಬ್ಬೊಬ್ಬರ ಬಳಿಯೂ ಹೋಗಿ ವಾಪಸು ತೆಗೆದುಕೊಳ್ಳಬೇಕಾಗಿ ಬಂದದ್ದು ಇನ್ನೊಂದು. ಈಗ ಗಂಡನಿಗೆ ಹೇಳಿದರೆ ಅವನು ಹೋಗುವುದನ್ನೇ ಬಿಟ್ಟುಬಿಡುತ್ತಾನೆ, ಅದು ಅವಳಿಗೆ ಖಂಡಿತ ಗೊತ್ತು. ಬಿಟ್ಟ ಮೇಲೆ ಇದೂ ನಿಲ್ಲದಿದ್ದರೆ? ಅವನ ಸರದಿಯೂ ಹೋಗಿ, ಇದೂ ಹೋಗಿ, ಇಬ್ಬರೂ ಅದೇ ಅಡುಗೆಮನೆಯಲ್ಲಿ ಎದುರುಬದುರು ಕೂತು ಅನ್ನ ಉಣ್ಣುವುದನ್ನು ನೆನೆದರೆ ಅವಳ ಕೈ ತಾನಾಗಿಯೇ ಒರೆಸುವ ಬಟ್ಟೆಯ ಕಡೆ ಹೋಗುತ್ತಿತ್ತು.

ಗಂಡ ಸಂಜೆ ಮನೆಗೆ ಬರುವ ಊರು ಬೇಕು. ಹೆರಿಗೆಯ ಹೊತ್ತಿಗೆ ಅಮ್ಮ ಬರುವ ಊರೂ ಬೇಕು. ತೊಡಕು ಬಂದದ್ದೇ ಅಲ್ಲಿ.

ಅಮ್ಮ ಮಾಲ್‌ಸುನ್ ಎಂದರೆ ಜಗಾಲ್ಚಿ ಮೀನುಪೇಟೆಯ ಪಕ್ಕದ ಓಣಿಯಲ್ಲಿ ಒಣಮೀನು, ಕಡಲಪಾಚಿ ಮಾರುವವಳು. ಎಪ್ಪತ್ತು ದಾಟಿದರೂ ಮೂಟೆಯನ್ನು ತಾನೇ ಎಳೆಯುವವಳು. ಹೋದ ಭಾನುವಾರ ಮಗಳ ಮನೆಗೆ ಊಟಕ್ಕೆ ಬಂದಿದ್ದಾಗ ಸಾಂಗ್‌ದೊ ಎರಡು ಊರುಗಳ ಹೆಸರನ್ನು ಅವಳ ಮುಂದೆ ಹೇಳಿದ. ಹೇಳುವಾಗ ಒಂದು ತಪ್ಪು ಮಾಡಿದ. ವಿಯೆನ್ನಾವನ್ನು ಪಾಠಪುಸ್ತಕದಲ್ಲಿ ಇರುವ ಹಾಗೆ ಬಿನ್ ಎಂದ.

ಮಾಲ್‌ಸುನ್ ಚಮಚ ಕೆಳಗಿಟ್ಟಳು. "ಬಿನ್? ಅದೆಂಥ ಹೆಸರು ಊರಿಗೆ?"

ಕೊರಿಯನ್ ಮಾತಿನಲ್ಲಿ ಬಿನ್ ಎಂದರೆ ಬರಿದು. ಬಿನ್ ಮನೆಯೆಂದರೆ ಯಾರೂ ಇಲ್ಲದ ಮನೆ, ಬಿನ್ ಕೈಯೆಂದರೆ ಬರಿಗೈ. ಓದಿದವರ ತಲೆಯಲ್ಲಿ ಆ ಊರೂ ಈ ಮಾತೂ ಬೇರೆ ಬೇರೆ ಕಪಾಟಿನಲ್ಲಿರುತ್ತವೆ. ಮಾಲ್‌ಸುನ್‌ಳ ತಲೆಯಲ್ಲಿ ಇದ್ದದ್ದು ಒಂದೇ ಕಪಾಟು.

"ಸದ್ದು ಒಂದೇ ಅಷ್ಟೇ, ಅತ್ತೆ," ಎಂದ ಸಾಂಗ್‌ದೊ. "ಬೇಕಿದ್ರೆ ಬಿಯೆನ್ನಾ ಅನ್ನಿ. ಹಾಗೂ ಅಂತಾರೆ."

"ಬಿಯೆನ್ನಾ ಅಂದ್ರೆ ಸಾಸೇಜು, ಅಳಿಯಂದ್ರೇ. ಮಕ್ಕಳ ಊಟದ ಡಬ್ಬಿಗೆ ಹಾಕ್ತಾರಲ್ಲ, ಹೆಬ್ಬೆಟ್ಟಿನಷ್ಟುದ್ದ. ಬರಿದು, ಇಲ್ಲಾಂದ್ರೆ ಸಾಸೇಜು. ಇನ್ನೊಂದರ ಹೆಸರೇನು ಅಂದ್ರಿ?"

"ಬುದಾಪೆಸ್ಟ್."

"ಬುದ್ಧನ ಊರು," ಎಂದು ಮಾಲ್‌ಸುನ್ ಅಲ್ಲಿಗೆ ತೀರ್ಮಾನ ಕೊಟ್ಟಳು.

ಅದು ಬುದ್ಧ ಅಲ್ಲ ಅಜ್ಜಿ ಎಂದು ಸೆಬೊಮ್ ನಕ್ಕಳು. ನೀನು ಸುಮ್ಮನೆ ಮೂಲಂಗಿ ತಿನ್ನು ಎಂದು ಅಜ್ಜಿ ಅವಳ ಬಟ್ಟಲಿಗೆ ಎರಡು ತುಂಡು ಹಾಕಿದಳು. ಬುದ್ಧನ ಊರಿಗಾದರೆ ತಾನೂ ಬಂದು ಇದ್ದು ಹೋಗುವೆ, ಆ ಇನ್ನೊಂದಕ್ಕೆ ಕಾಲಿಡುವವಳಲ್ಲ ಎಂದು ಎಲ್ಲರೂ ಕೇಳುವಂತೆ ಹೇಳಿದಳು. ಸಾಂಗ್‌ದೊ ನಗು ತಡೆಯಲು ನೀರು ಕುಡಿದ. ಯೊನ್‌ಜುವಿಗೆ ನಗು ಬರಲಿಲ್ಲ. ಅಮ್ಮ ಚಮಚ ಕೆಳಗಿಟ್ಟದ್ದು ಯಾಕೆಂದು ಅವಳೊಬ್ಬಳಿಗೆ ಗೊತ್ತಿತ್ತು.

ಹಿಂದಿನ ಸಲ ಮಾಲ್‌ಸುನ್ ತನ್ನ ಓಣಿಗೆಲ್ಲ ಸುದ್ದಿ ಹೇಳಿದ್ದಳು. ಬಾಣಂತಿಗೆ ಮಾಡುವ ಸಾರಿಗೆಂದು ತೆಗೆದಿಡುವ ಕಡಲಪಾಚಿಯನ್ನು ಮಡಚಬಾರದು, ಮುರಿಯಬಾರದು. ಆಳುದ್ದದ ಒಂದು ಕಟ್ಟನ್ನು ಅಂಗಡಿಯ ಮೇಲಿನ ಹಲಗೆಯಲ್ಲಿ ನೀಟಾಗಿ ಮಲಗಿಸಿಟ್ಟಿದ್ದಳು. ಆಮೇಲೆ ಮಗಳಿಗೆ ಆ ಕಷ್ಟ ಬೇಡವೆಂದು ತಾನೇ ಅಂಗಡಿಯಿಂದ ಅಂಗಡಿಗೆ ಹೋಗಿ ಎಲ್ಲರಿಗೂ ಹೇಳಿ ಬಂದಳು. ಹೊಟ್ಟೆ ಬಿನ್ ಆಯಿತು. ಅಷ್ಟೇ ಮಾತು, ಪ್ರತಿ ಅಂಗಡಿಯಲ್ಲೂ. ಹಿಂದಿರುಗಿ ಆ ಕಟ್ಟನ್ನು ಇಳಿಸಿ, ತನ್ನ ಕೈಯಾರೆ ಮುರಿದು, ಮಗಳಿಗೆ ಸಾರು ಮಾಡಿದಳು. ಅಲ್ಲಿಂದ ಆ ಭಾನುವಾರದ ಊಟದವರೆಗೆ ಆ ಮಾತನ್ನು ಯೊನ್‌ಜು ಅಮ್ಮನ ಬಾಯಲ್ಲಿ ಕೇಳಿರಲಿಲ್ಲ. ಖಾಲಿ ಡಬ್ಬಿಯನ್ನೂ ಆಕೆ "ತೊಳೆದ ಡಬ್ಬಿ" ಎನ್ನುತ್ತಿದ್ದಳು.

ಈ ಭಾನುವಾರ ಬೆಳಿಗ್ಗೆ ಮಾಲ್‌ಸುನ್ ಫೋನು ಮಾಡಿ, ಬೆಟ್ಟದ ದೇವಾಲಯಕ್ಕೆ ಹೋಗೋಣ, ಹೊರಟು ಬಾ ಎಂದಳು. ನಾಳೆ ಉತ್ತರ ಕೊಡುವ ಮುಂಚೆ ಬುದ್ಧನ ಮುಂದೆ ಒಂದು ಸಲ ತಲೆಬಾಗಿಸಿ ಬರಲಿ ಎಂಬುದು ಅವಳ ಲೆಕ್ಕ. ಯೊನ್‌ಜು ಮಗಳನ್ನು ಗಂಡನ ಬಳಿ ಬಿಟ್ಟು ಹೊರಟಳು. ಮನೆಯೊಳಗೆ ಇರುವುದಕ್ಕಿಂತ ಎಲ್ಲಿಗಾದರೂ ಹೋಗುವುದೇ ವಾಸಿಯೆನಿಸಿತ್ತು.

ಜಗಾಲ್ಚಿಯಲ್ಲಿ ರೈಲು ಹತ್ತಿದಾಗ ಡಬ್ಬಿಯ ತುಂಬ ಬೆಟ್ಟ ಹತ್ತುವವರ ಗುಂಪು. ಕೆಂಪು ಹಸಿರು ಜಾಕೀಟು, ಕೈಯಲ್ಲಿ ಕೋಲು, ಬೆನ್ನ ಚೀಲದಿಂದ ಸೌತೆಕಾಯಿಯ ವಾಸನೆ. ಮಾಲ್‌ಸುನ್ ಗುಂಪಿನಲ್ಲಿ ನುಗ್ಗಿ ಒಂದು ಸೀಟು ಹಿಡಿದಳು. ಅವಳ ಪಕ್ಕದ್ದೇ ಗುಲಾಬಿ ಸೀಟು. ಅದರಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡ ಒಬ್ಬ ಯುವಕ ಕಣ್ಣು ಮುಚ್ಚಿ ಕೂತಿದ್ದ. ಯೊನ್‌ಜು ಅಮ್ಮನ ಎದುರು ಮೇಲಿನ ಹಿಡಿಕೆ ಹಿಡಿದು ನಿಂತಳು.

ಮಾಲ್‌ಸುನ್ ಕೂತ ಕೂಡಲೇ ಶುರುಮಾಡಿದಳು. ಎದುರಂಗಡಿಯವಳ ತಂಗಿಯ ಮಗ ಬುದಾಪೆಸ್ಟಿನಲ್ಲೇ ಇದ್ದಾನಂತೆ, ಅಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಗಳಿವೆಯಂತೆ, ನಮ್ಮವರ ಹಾಗೇ ಮೈ ಉಜ್ಜಿಕೊಳ್ಳುತ್ತಾರಂತೆ. ಯೊನ್‌ಜು ಹೂಂಗುಟ್ಟುತ್ತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಸೌತೆಕಾಯಿಯ ವಾಸನೆ ತಡೆಯಲಾಗುತ್ತಿರಲಿಲ್ಲ.

"ಕೇಳಿಸ್ಕೊಂಡ್ಯಾ? ನಿನ್ನ ಒಳ್ಳೇದಕ್ಕೇ ಹೇಳೋದು."

"ಅಮ್ಮ, ನಾವು ಬಿನ್‌ಗೆ ಹೋದ್ರೆ?"

ಮಾಲ್‌ಸುನ್ ಮುಖ ತಿರುಗಿಸಿದಳು. "ಹೋಗಿ. ನಾನು ಬರಲ್ಲ."

"ಏನೇ ಆದ್ರೂ?"

"ಏನೇ ಆದ್ರೂ. ಆ ಹೆಸರಿನ ಊರಲ್ಲಿ ನನಗೇನು ಕೆಲಸ?"

ಯೊನ್‌ಜು ಕಂಬವನ್ನು ನೋಡಿದಳು. ದೀಪ ಆರಿಕೊಂಡಿತ್ತು. ಅವಳು ಚೀಲದ ಒಳಜೇಬಿಗೆ ಕೈ ಹಾಕಿದಳು. ಹೆಬ್ಬೆರಳಿಗೆ ಸಣ್ಣ ಗುಂಡಿ ಸಿಕ್ಕಿತು. ಒತ್ತಿದಳೋ ಒತ್ತಿಹೋಯಿತೋ, ಕಂಬದ ಮೇಲೆ ಗುಲಾಬಿ ಬೆಳಕು ಮಿಣಮಿಣನೆ ಮಿನುಗತೊಡಗಿತು.

ಮೊದಲು ನೋಡಿದವಳು ಮಾಲ್‌ಸುನ್ನೇ. ಮಾತು ಅರ್ಧಕ್ಕೆ ನಿಲ್ಲಿಸಿ ಪಕ್ಕದ ಯುವಕನ ಮೊಣಕಾಲು ತಟ್ಟಿದಳು.

"ಏಳಪ್ಪಾ, ಏಳು. ಯಾರೋ ಬಸುರಿ ಹೆಂಗಸು ಹತ್ತಿದಾಳೆ. ದೀಪ ಕಾಣಲ್ವಾ?"

ಯುವಕ ಕಿವಿಯಿಂದ ಹಾಡು ತೆಗೆದು, ಯಾರೂ ಇಲ್ಲವಲ್ಲ ಅಜ್ಜಿ, ಬಂದರೆ ಏಳುವೆ ಎಂದ.

"ಬಂದ ಮೇಲೆ ಏಳೋದಲ್ಲ ಅದು. ಬಿನ್ ಜಾಗ ಕಣಪ್ಪಾ ಇದು. ಬರೋರಿಗೆ ಅಂತ ಬಿನ್ ಬಿಟ್ಟಿರೋದು. ನಿನ್ನಮ್ಮ ನಿನ್ನ ಹೊತ್ಕೊಂಡು ನಿಂತಿದ್ರೆ ಹೀಗೇ ಕೂತಿರ್ತಿದ್ಯಾ?"

ಯುವಕ ಎದ್ದು ಬಾಗಿಲ ಕಡೆ ಸರಿದ. ಮಾಲ್‌ಸುನ್ ತನ್ನ ಕೈಚೀಲವನ್ನು ಖಾಲಿಯಾದ ಸೀಟಿನ ಮೇಲೆ ಕಾವಲಿಟ್ಟು ಎದ್ದು ನಿಂತಳು. ಬೆಟ್ಟ ಹತ್ತುವ ಹೆಂಗಸರ ಕಡೆ ತಿರುಗಿ, ಸ್ವಲ್ಪ ದಾರಿ ಬಿಡ್ರಮ್ಮ, ಮಗು ಹೊತ್ತವಳು ಹಿಂದೆ ಸಿಕ್ಕಿಕೊಂಡಿರಬೇಕು ಎಂದಳು. ಅವರಲ್ಲೊಬ್ಬಳು, ಈ ವಯಸ್ಸಿನಲ್ಲಿ ನಮ್ಮಲ್ಲಿ ಯಾರೂ ಅಲ್ಲ ಎಂದಾಗ ಗುಂಪೆಲ್ಲ ನಕ್ಕಿತು. ಕತ್ತುಗಳು ಆ ಕಡೆ ಈ ಕಡೆ ಹೊರಳಿದವು. ಯಾರೂ ಮುಂದೆ ಬರಲಿಲ್ಲ. ದೀಪ ಮಾತ್ರ ನಿಲ್ಲದೆ ಮಿನುಗುತ್ತಿತ್ತು.

"ನಾಚಿಕೆ ಪಟ್ಕೋಬಾರ್ದು ತಾಯಿ, ಬಾ," ಎಂದು ಗುಂಪಿನ ಕಡೆಗೆ ಕರೆದಳು ಮಾಲ್‌ಸುನ್. ಹಾಗೆ ಕರೆಯುತ್ತ ತಿರುಗಿದವಳ ಕಣ್ಣು ಮಗಳ ಮೇಲೆ ಬಿತ್ತು.

ಯೊನ್‌ಜು ಒಂದು ಕೈಯಲ್ಲಿ ಹಿಡಿಕೆ ಹಿಡಿದಿದ್ದಳು. ಇನ್ನೊಂದು ಕೈ ಚೀಲದೊಳಗೇ ಇತ್ತು.

ಮಾಲ್‌ಸುನ್ ಸೀಟಿನ ಮೇಲಿದ್ದ ತನ್ನ ಚೀಲವನ್ನು ಎತ್ತಿಕೊಂಡು, ಮಗಳ ತೋಳು ಹಿಡಿದು, ಒಡೆಯುವ ಸಾಮಾನು ಇಡುವ ಹಾಗೆ ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತಳು. ಹಿಡಿದ ಮಣಿಕಟ್ಟನ್ನು ಬಿಡಲಿಲ್ಲ. ಗುಂಪನ್ನು ನಗಿಸಿದ್ದ ಹೆಂಗಸು ಸುಮ್ಮನೆ ಒಂದು ಕಿತ್ತಳೆಹಣ್ಣು ತೆಗೆದು ಯೊನ್‌ಜುವಿನ ಮಡಿಲಲ್ಲಿಟ್ಟು ಆಚೆ ತಿರುಗಿದಳು.

ಎರಡು ನಿಲ್ದಾಣ ದಾಟಿದ ಮೇಲೆ ಅಮ್ಮ ಅವಳ ಕಡೆ ಬಾಗಿದಳು.

"ಎಷ್ಟನೇದು?"

"ಮೂರನೇ ತಿಂಗಳು."

"ಅಳಿಯಂದ್ರಿಗೆ?"

"ಹೇಳಿಲ್ಲ."

ಯೊನ್‌ಜು ತಾನಾಗಿಯೇ ಹೇಳತೊಡಗಿದಳು. ಕಿತ್ತಳೆಯನ್ನು ಅಂಗೈಯಲ್ಲಿ ಹೊರಳಿಸುತ್ತ, ಹೇಳಿದರೆ ಅವನು ಹೋಗುವುದನ್ನೇ ಬಿಡುವನೆಂದೂ, ಹೇಳಿದ್ದನ್ನು ಇನ್ನೊಂದು ಸಲ ವಾಪಸು ತೆಗೆದುಕೊಳ್ಳುವ ಶಕ್ತಿ ತನಗಿಲ್ಲವೆಂದೂ, ರಾತ್ರಿಪಾಳಿ ಎಂದರೆ ಈಗಲೂ ಹೆದರಿಕೆಯೆಂದೂ ಹೇಳಿದಳು. ಆ ಟ್ಯಾಕ್ಸಿಯಲ್ಲಿ ಸೆಬೊಮ್ ತನ್ನ ಕೈ ಹಿಡಿದುಕೊಂಡು, ಅಪ್ಪ ಯಾಕೆ ಫೋನು ಎತ್ತುತ್ತಿಲ್ಲ ಎಂದು ಕೇಳುತ್ತಲೇ ಇದ್ದದ್ದನ್ನು ಮೊದಲ ಸಲ ಹೇಳಿದಳು. ಮಾಲ್‌ಸುನ್ ಎದುರಿನ ಗಾಜನ್ನೇ ನೋಡುತ್ತ ಕೇಳಿಸಿಕೊಂಡಳು. ರೈಲು ಸುರಂಗದಿಂದ ಹೊರಗೆ ಬಂದಿತ್ತು. ಚಳಿಗಾಲದ ಬಿಸಿಲು ಎಲ್ಲರ ಮೊಣಕಾಲುಗಳ ಮೇಲೆ ಬಿದ್ದಿತ್ತು.

"ಗಂಡ ಸಂಜೆ ಮನೆಗೆ ಬರೋದು ಯಾವೂರಲ್ಲಿ?" ಎಂದಳು ಕೊನೆಗೆ.

"ಬಿನ್‌ನಲ್ಲಿ."

ಅಮ್ಮನ ಬೆರಳುಗಳು ಮಣಿಕಟ್ಟಿನ ಮೇಲೆ ಬಿಗಿಯಾದವು. ದೇವಾಲಯದ ನಿಲ್ದಾಣ ಬಂತು. ಬೆಟ್ಟ ಹತ್ತುವವರೆಲ್ಲ ಗದ್ದಲ ಮಾಡುತ್ತ ಇಳಿದುಹೋದರು. ಡಬ್ಬಿ ಬರಿದಾಯಿತು. ಬಾಗಿಲು ಮುಚ್ಚಿಕೊಂಡಿತು.

"ಅಮ್ಮ, ಇಳಿಯೋ ಜಾಗ ಹೋಯ್ತು."

"ಹೋಗ್ಲಿ. ಬುದ್ಧನಿಗೇನು ಅವಸರ, ಕೂತಿರ್ತಾನೆ." ಆಮೇಲೆ ಕೇಳಿದಳು, "ಆ ಊರಲ್ಲಿ ಕಡಲಿದೆಯಾ?"

"ಇಲ್ಲ. ನದಿ ಇದೆ."

"ಹಾಗಾದ್ರೆ ಒಳ್ಳೇ ಪಾಚಿ ಸಿಗಲ್ಲ. ಇಲ್ಲಿಂದಲೇ ತರಬೇಕು. ಮಡಚೋ ಹಾಗಿಲ್ಲ, ಪೆಟ್ಟಿಗೇಲಿ ಹಿಡಿಸಲ್ಲ." ವಿಮಾನವೇ ತನಗೆ ತೊಂದರೆ ಕೊಡುತ್ತಿದೆಯೆಂಬಂತೆ ಹುಬ್ಬು ಗಂಟಿಕ್ಕಿದಳು. "ಮಡಿಲಲ್ಲಿ ಅಡ್ಡ ಇಟ್ಕೊಂಡು ಕೂರ್ತೀನಿ. ಪಕ್ಕದೋನು ಏನಂದ್ರೂ ಅನ್ಲಿ."

ಯೊನ್‌ಜುವಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. "ಕಾಲಿಡಲ್ಲ ಅಂದಿದ್ಯಲ್ಲ."

"ಕಾಲಿಡದೆ ಹಾರ್ಕೊಂಡು ಬರ್ತೀನಲ್ಲ, ವಿಮಾನದಲ್ಲಿ," ಎಂದಳು ಮಾಲ್‌ಸುನ್. ಆಮೇಲೆ ದನಿ ತಗ್ಗಿಸಿದಳು. "ನನಗೆ ಈಗ್ಲೂ ಭಯವೇ ಕಣೇ. ಆ ಹೆಸರು ಕೇಳಿದ್ರೆ ಕೈಕಾಲು ತಣ್ಣಗಾಗುತ್ತೆ. ಆದ್ರೆ ನೀನು ಒಬ್ಬಳೇ ಟ್ಯಾಕ್ಸಿ ಹತ್ತೋದು ನೆನೆಸ್ಕೊಂಡ್ರೆ ಅದಕ್ಕಿಂತ ಭಯ."

ಕೊನೆಯ ನಿಲ್ದಾಣದಲ್ಲಿ ಇಳಿದು ಅವರು ಬೆಂಚಿನ ಮೇಲೆ ಕೂತರು. ಯೊನ್‌ಜು ಫೋನು ಕೈಗೆತ್ತಿಕೊಂಡು ಸುಮ್ಮನೆ ಹಿಡಿದೇ ಇದ್ದಳು. ಮೊದಲು ಗಂಡನಿಗೆ ಊರಿನ ಹೆಸರು ಹೇಳು, ಕಂಪನಿಗೆ ಬರೆದು ಕಳಿಸಲಿ, ಇನ್ನೊಂದನ್ನು ಮನೆಗೆ ಹೋಗಿ ಎದುರಿಗೆ ಕೂತು ಹೇಳು ಎಂದು ಅಮ್ಮ ಬುದ್ಧಿ ಹೇಳಿಕೊಟ್ಟಳು. ಬರೆದುಕೊಟ್ಟ ಮೇಲೆ ಗಂಡಸರು ಬೇಗ ಮಾತು ಬದಲಿಸುವುದಿಲ್ಲ, ಮೇಲಿನವರ ಮುಂದೆ ಮರ್ಯಾದೆ ಹೋಗುತ್ತದಲ್ಲ ಎಂಬುದು ಪೇಟೆಯಲ್ಲಿ ಆಯುಷ್ಯ ಕಳೆದ ಅವಳ ಅನುಭವ. ಇದು ಮೋಸವಲ್ಲವೇ ಎಂದು ಯೊನ್‌ಜು ಕೇಳಿದಳು. ಅಲ್ಲ, ಒಂದಾದ ಮೇಲೊಂದು, ಮಾತಿಗೂ ಸರದಿ ಎಂದಳು ಅಮ್ಮ.

ಫೋನಿನಲ್ಲಿ ಸಾಂಗ್‌ದೊ ಕೇಳಿದ್ದು ಒಂದೇ ಪ್ರಶ್ನೆ, ಅತ್ತೆ ಒಪ್ಪಿದರೇ ಎಂದು. ಒಪ್ಪಿದರು ಎಂದಳು ಯೊನ್‌ಜು. ಆ ಕಡೆಯಿಂದ ಸಿಳ್ಳೆ ಕೇಳಿಸಿತು. ಸೆಬೊಮ್ ಸಾಸೇಜು ಸಾಸೇಜು ಎಂದು ಕುಣಿಯುವುದೂ ಕೇಳಿಸಿತು.

ಹಿಂದಿರುಗಿ ಓಣಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಮಾಲ್‌ಸುನ್ ಕೋಟನ್ನೂ ತೆಗೆಯದೆ ಅಂಗಡಿಯ ಹಿಂಬದಿಯಲ್ಲಿ ನಿಲ್ಲಿಸಿದ್ದ ಕಡಲಪಾಚಿಯ ಉದ್ದನೆಯ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ನೋಡತೊಡಗಿದಳು. ಯೊನ್‌ಜು ನಿಂತಲ್ಲಿ ನಿಲ್ಲಲಾರದೆ ತಕ್ಕಡಿಯ ತಟ್ಟೆ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಊರು ತೀರ್ಮಾನವಾದರೆ ಎದೆ ಹಗುರಾಗಬಹುದೆಂದುಕೊಂಡಿದ್ದಳು. ಹಗುರಾಗಿರಲಿಲ್ಲ. ಮನೆಯಲ್ಲಿ ಆಡಬೇಕಾದ ಮೊದಲ ಮಾತು ಇನ್ನೂ ಸಿಕ್ಕಿರಲಿಲ್ಲ. ಬೇಸಿಗೆ ಮುಗಿಯುವವರೆಗೆ ಹೊರಬೇಕಾದ ದಿನಗಳು ಒಂದೂ ಕಡಿಮೆಯಾಗಿರಲಿಲ್ಲ.

ಎದುರಂಗಡಿಯವಳು ಕತ್ತು ಚಾಚಿ, ದೇವರೇನಂದ, ಬುದ್ಧನ ಊರು ತಾನೆ ಎಂದು ಕೇಳಿದಳು.

"ಅಲ್ಲ, ಇನ್ನೊಂದು," ಎಂದಳು ಮಾಲ್‌ಸುನ್.

"ಅಯ್ಯೋ, ಆ ಖಾಲಿ ಊರಾ? ನೀನೇ ಬೇಡ ಅಂತಿದ್ದೆ."

"ಅಳಿಯಂದ್ರಿಗೆ ಅಲ್ಲಿ ಅನುಕೂಲ."

"ಮತ್ತೆ ಈ ಉದ್ದದ ಪಾಚಿ ಯಾರಿಗೆ?"

ಮಾಲ್‌ಸುನ್ ಎಲ್ಲಕ್ಕಿಂತ ಅಗಲವಾದ, ಅಂಚು ಹರಿಯದ ಕಟ್ಟೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಯೊನ್‌ಜುವಿನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಗಿರಾಕಿ ಹೇಳಿಟ್ಟಿದಾರೆ," ಎಂದಳು ಅಮ್ಮ, ಎದುರಂಗಡಿಯ ಕಡೆ ನೋಡದೆ. ಸ್ಟೂಲು ಹತ್ತಿ ಮೇಲಿನ ಹಲಗೆಯ ದೂಳು ಒರೆಸಿ, ಕಟ್ಟನ್ನು ಉದ್ದಕ್ಕೆ ಮಲಗಿಸಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿದಳು. ಇಳಿದು ಬಂದು ಮಗಳ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡು, ಅವಳ ಕೋಟಿನ ಗುಂಡಿ ಹಾಕಿ, ಚೀಲವನ್ನು ಅವಳ ಹೆಗಲಿಗೇರಿಸಿದಳು. ಒಳಜೇಬನ್ನು ಹೊರಗಿನಿಂದಲೇ ಮುಟ್ಟಿ ನೋಡಿದಳು.

"ಹೊರಡು, ಮನೇಲಿ ಕಾಯ್ತಿರ್ತಾರೆ," ಎಂದಳು. "ನಿಂತ್ಕೊಂಡು ಹೋಗ್ಬೇಡ."